ಗಣಪತಿಯ ಹಿಂದೆ ಬಿದ್ದ ಮೂರು

ಅವತ್ತು ದಾಳದಲ್ಲಿ ಬಿದ್ದದ್ದು ಮೂರು. ನಾನು ಹದಿನೇಳು ಅಂದೆ.

ಇಷ್ಟು ಹೇಳುವುದಕ್ಕೆ ನನಗೆ ಹನ್ನೆರಡು ವರ್ಷ ಬೇಕಾಯಿತು. ಕೇಳಿದವರು ನಗಬಹುದು — ಆಟದಲ್ಲಿ ಒಂದು ಸುಳ್ಳು, ಅದಕ್ಕೆ ಇಷ್ಟು ದೊಡ್ಡ ಮುಖ ಮಾಡಿಕೊಂಡು ಕೂತಿದ್ದೀಯಲ್ಲ ಮಾದೇಶ ಅಂತ. ನಗಲಿ. ಆ ಸುಳ್ಳನ್ನು ನಂಬಿ ಒಬ್ಬ ಹೆಣ್ಣುಮಗಳು ತನ್ನ ಬದುಕಿನ ಒಂದು ಪ್ರಶ್ನೆಗೆ ಉತ್ತರ ಬರೆದುಕೊಂಡಳು. ಅವಳು ಹಾಗೆ ಮಾಡುತ್ತಾಳೆಂದು ನನಗೆ ಆಗ ಗೊತ್ತಿರಲಿಲ್ಲ — ನೋಡಿ, ಶುರುಮಾಡಿ ಎರಡು ನಿಮಿಷವಾಗಿಲ್ಲ, ಆಗಲೇ ನೆಪ ಹೇಳುತ್ತಿದ್ದೇನೆ. ಬೇಡ. ಮೊದಲಿನಿಂದಲೇ ಹೇಳುತ್ತೇನೆ.

ಮಂಡ್ಯದಲ್ಲಿ ನನ್ನದೊಂದು ಸಣ್ಣ ಪ್ರೆಸ್ಸು. ಲಗ್ನಪತ್ರಿಕೆ, ಬಿಲ್ ಬುಕ್ಕು, ತಿಥಿ ಕಾರ್ಡು, ಎಲೆಕ್ಷನ್ ಬಂದರೆ ಕರಪತ್ರ. ಭಾನುವಾರ ಮಧ್ಯಾಹ್ನ ಕೆಳಗೆ ಬೀಗ ಹಾಕಿ, ಮೇಲಿನ ಕೋಣೆಯಲ್ಲಿ ಕಾಗದದ ರೀಮುಗಳ ನಡುವೆ ಚಾಪೆ ಹಾಸಿಕೊಂಡು ನಾವು ನಾಲ್ವರು ಆಟಕ್ಕೆ ಕೂರುತ್ತಿದ್ದೆವು. ಇಸ್ಪೀಟಲ್ಲ, ಚೌಕಾಬಾರವಲ್ಲ. ಒಬ್ಬೊಬ್ಬರೂ ಒಂದೊಂದು ಪಾತ್ರ ಕಟ್ಟಿಕೊಳ್ಳಬೇಕು — ಕತ್ತಿ ಹಿಡಿದವನೋ, ಮಂತ್ರ ಬಲ್ಲವಳೋ, ಬೀಗ ಮುರಿಯುವ ಕಳ್ಳಿಯೋ. ಒಬ್ಬ ಕಥೆ ನಡೆಸುತ್ತಾನೆ. ಎದುರಿಗೆ ರಾಕ್ಷಸ ನಿಂತಿದ್ದಾನೆ, ಏನು ಮಾಡುತ್ತೀರಿ ಅಂತ ಅವನು ಕೇಳುತ್ತಾನೆ. ಆಡುವವರು ಬಾಯಲ್ಲಿ ಹೇಳಿದ್ದು ಆಗುತ್ತದೋ ಇಲ್ಲವೋ ಎನ್ನುವುದನ್ನು ಇಪ್ಪತ್ತು ಮುಖದ ಒಂದು ದಾಳ ತೀರ್ಮಾನಿಸುತ್ತದೆ. ದೊಡ್ಡ ಸಂಖ್ಯೆ ಬಿದ್ದರೆ ಗೆದ್ದರು, ಸಣ್ಣದು ಬಿದ್ದರೆ ಸೋತರು. ಅಷ್ಟೇ.

ಕಥೆ ನಡೆಸುವವನು ನಾನು. ಇಟ್ಟಿಗೆಯಷ್ಟು ದಪ್ಪದ ನಿಯಮದ ಪುಸ್ತಕವನ್ನು ತರಿಸಿ, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದವನೂ ನಾನೊಬ್ಬನೇ. ಪಾತ್ರದ ಹಾಳೆಯನ್ನು ಕನ್ನಡದಲ್ಲಿ ನಾನೇ ಕಂಪೋಸ್ ಮಾಡಿದ್ದೆ. ಮಿಕ್ಕಿದ ಲಗ್ನಪತ್ರಿಕೆಯ ಕಾಗದದ ಮೇಲೆ ಅಚ್ಚು ಹಾಕಿದ್ದರಿಂದ ಅಂಚಿನಲ್ಲಿ ಮಾವಿನ ತೋರಣ, ನಡುವೆ ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು. ಇರುವ ಅಂಕಗಳನ್ನು ಈ ಆರಕ್ಕೆ ಹಂಚಿಕೊಳ್ಳಬೇಕು.

“ಬುದ್ಧಿಗೂ ವಿವೇಕಕ್ಕೂ ಏನ್ಲಾ ವ್ಯತ್ಯಾಸ?” ಅಂತ ಮೊದಲ ದಿನವೇ ನಂಜುಂಡ ತಗಾದೆ ತೆಗೆದ. ನಂಜುಂಡ ನನ್ನ ಜೊತೆ ಓದಿದವನು, ಮದ್ದೂರಿನ ಸ್ಕೂಲೊಂದರಲ್ಲಿ ಪಿ.ಟಿ. ಮೇಷ್ಟ್ರು.

“ಇಷ್ಟು ದಪ್ಪದ ಪುಸ್ತಕ ಓದಿದ್ದು ಬುದ್ಧಿ. ನಿನ್ನ ಆಟಕ್ಕೆ ಕರೆದಿದ್ದು ವಿವೇಕ ಇಲ್ದೆ,” ಅಂದೆ.

“ಹಂಗಾರೆ ಎಲ್ಲಾನೂ ಬಲಕ್ಕೇ ಹಾಕು. ನಂಗೆ ಎರಡೂ ಬ್ಯಾಡ ಕಣ್ಲಾ.”

ಅವನ ತಂಗಿ ಭಾಗ್ಯ ಊರಾಚೆಯ ಕೃಷಿ ಸಂಶೋಧನಾ ಕೇಂದ್ರ, ವಿ.ಸಿ. ಫಾರಂನಲ್ಲಿ ಕೆಲಸಕ್ಕಿದ್ದಳು. ಅವಳೇ ಒಂದು ಭಾನುವಾರ ತನ್ನ ಜೊತೆ ಕೆಲಸ ಮಾಡುವ ರತ್ನಳನ್ನು ಕರೆತಂದಳು. ರತ್ನ ಮಳವಳ್ಳಿ ಕಡೆಯವಳು. ಪ್ರಯೋಗಕ್ಕೆಂದು ಮಾಡಿದ ಸಣ್ಣ ಸಣ್ಣ ಭತ್ತದ ತಾಕುಗಳಲ್ಲಿ ಹೊಸ ತಳಿಗಳ ತೆನೆ ಅಳೆದು, ಎಣಿಸಿ ಬರೆಯುವ ಕೆಲಸ ಅವಳದು. ಕೆಲಸವನ್ನು ಅಷ್ಟು ಇಷ್ಟಪಟ್ಟು ಮಾಡುವವರನ್ನು ನಾನು ಕಂಡಿಲ್ಲ. ತಾಕಿನ ಹೆಸರು ಹೇಳುವಾಗಲೂ ನೆಂಟರ ಹೆಸರು ಹೇಳಿದ ಹಾಗೆ ಹೇಳುತ್ತಿದ್ದಳು.

ಬಂದ ದಿನವೇ ಅವಳ ಕಣ್ಣು ನನ್ನ ಮುಂದಿದ್ದ ರಟ್ಟಿನ ಮೇಲೆ ಬಿತ್ತು. ಕಥೆ ನಡೆಸುವವನ ಮುಂದೆ ಒಂದು ಮರೆ ಇರಬೇಕು. ಮುಂದಿನ ಕಥೆಯ ನಕ್ಷೆ ಅದರ ಹಿಂದೆ, ಅವನು ಎಸೆಯುವ ದಾಳವೂ ಅದರ ಹಿಂದೆ. ನಾನು ಪ್ರೆಸ್ಸಿನ ರಟ್ಟನ್ನೇ ಮಡಚಿ ಮರೆ ಮಾಡಿದ್ದೆ. ಚೆಂದಕ್ಕಿರಲಿ ಅಂತ ಆಡುವವರ ಕಡೆಗೆ ಲಗ್ನಪತ್ರಿಕೆಯ ದೊಡ್ಡ ಗಣಪತಿಯೊಂದನ್ನು ಅಂಟಿಸಿದ್ದೆ. ಅವರ ಕಡೆಗೆ ಗಣಪತಿ. ನನ್ನ ಕಡೆಗೆ ಬರೀ ರಟ್ಟು.

“ಏನ್ರೀ, ಆ ಗಣಪತಿ ಹಿಂದೆ ಬಿದ್ದುದ್ನ ನೀವು ಬದ್ಲಾಯಿಸ್ಬೋದಾ?” ಅಂತ ಕೇಳಿದಳು.

ಒಳ್ಳೆಯ ಪ್ರಶ್ನೆ. ಬದಲಾಯಿಸಬಹುದು ಅಂತಲೇ ಪುಸ್ತಕದಲ್ಲಿದೆ — ಕಥೆ ಚೆನ್ನಾಗಿ ನಡೆಯಲಿಕ್ಕೆ ಬೇಕೆಂದರೆ ನಡೆಸುವವನು ಮರೆಯ ಹಿಂದಿನ ಅಂಕ ತಿರುಚಬಹುದು ಅಂತ. ಆ ಪುಟ ನನಗೆ ಬಾಯಿಪಾಠ. ಆದರೂ ನಾನು ಅಂದೆ, “ಪುಸ್ತಕ ಏನಾದ್ರೂ ಹೇಳ್ಲಿ. ನಾನು ಬದಲಾಯ್ಸಲ್ಲ. ಬಿದ್ದಿದ್ದು ಬಿದ್ದ ಹಾಗೇ.”

ಯಾಕೆ ಅಂದೆನೋ. ಅವಳೆದುರು ನೇರ ಮನುಷ್ಯ ಅನ್ನಿಸಿಕೊಳ್ಳಬೇಕಿತ್ತು, ಅದಕ್ಕೆ. ಅವತ್ತಿನಿಂದ ನನಗೆ “ರೂಲ್ಸು” ಅಂತ ಹೆಸರಾಯಿತು. ನಂಜುಂಡನನ್ನು ಅವಳು ಅಣ್ಣ ಅನ್ನುತ್ತಿದ್ದಳು, ಕೆಳಗಿನ ಟೀ ಅಂಗಡಿಯವನನ್ನೂ ಅಣ್ಣ ಅನ್ನುತ್ತಿದ್ದಳು. ನನ್ನನ್ನು ಮಾತ್ರ “ಏನ್ರೀ ರೂಲ್ಸು”. ಅಣ್ಣ ಅನ್ನಲಿಲ್ಲ ಎನ್ನುವ ಅಷ್ಟು ಸಣ್ಣ ಸಂಗತಿಯ ಮೇಲೆ ನಾನು ಎಂತೆಂಥ ಮಹಡಿ ಕಟ್ಟಿದ್ದೆ ಎಂದು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅವಳ ಪಾತ್ರ ಹುಟ್ಟಿದ್ದು ಕಾವೇರಿ ದಡದ ಮುತ್ತತ್ತಿಯಲ್ಲಿ, ಆಂಜನೇಯನ ಗುಡಿಯ ಹತ್ತಿರ. ನಾಲ್ವರೂ ಚಿತ್ರಾನ್ನ ಕಟ್ಟಿಕೊಂಡು ಹೋಗಿದ್ದೆವು. ಬಂಡೆಯ ಮೇಲೆ ಕೂತು ಹೊಳೆ ನೋಡುತ್ತಾ ನೋಡುತ್ತಾ, “ನಂಗೆ ಕತ್ತಿ ಗಿತ್ತಿ ಬ್ಯಾಡ, ನಾನು ತೆಪ್ಪ ನಡ್ಸೋಳು. ಹೆಸ್ರು ಕೆಂಚಿ,” ಅಂದಳು. ಪುಸ್ತಕದಲ್ಲಿ ಅಂಥ ಕಸುಬೇ ಇಲ್ಲ. ನಾನು ಒಂದು ವಾರ ಕೂತು, ಮಂತ್ರವಾದಿಗಳ ಅಧ್ಯಾಯದಿಂದ ಸ್ವಲ್ಪ, ಕಾಡು ಕಾಯುವವರ ಅಧ್ಯಾಯದಿಂದ ಸ್ವಲ್ಪ ತೆಗೆದು, ಅವಳಿಗೋಸ್ಕರ ತೆಪ್ಪದವಳ ನಿಯಮ ಬರೆದೆ. ನೀರಿನ ಮೇಲಿದ್ದಾಗ ಅವಳ ದಾಳಕ್ಕೆ ಐದು ಕೂಡುತ್ತದೆ, ಅದಕ್ಕೆ “ಹೊಳೆಯ ಬಲ” ಅಂತ ಹೆಸರಿಟ್ಟೆ. ಅದರ ಮೇಲೆ ಅವಳ ಪ್ರಶ್ನೆಗಳೋ ಪ್ರಶ್ನೆಗಳು. ಕೆರೆಯೂ ಹೊಳೆ ಲೆಕ್ಕವಾ? ನಾಲೆ? ಬಾವಿಗಿಳಿದರೆ? ಮಳೆಯಲ್ಲಿ ನೆನೆಯುತ್ತಾ ನಿಂತರೆ? ನಾಲೆಗೆ ಎರಡು ಅಂಕ ಕೊಡುತ್ತೇನೆ, ಬಾವಿಗೆ ಸೊನ್ನೆ ಅಂದರೆ ನ್ಯಾಯ ಮಾಡಿಸಿಕೊಳ್ಳುವವಳ ಹಾಗೆ ಜಗಳಕ್ಕೆ ನಿಲ್ಲುತ್ತಿದ್ದಳು. ಭಾನುವಾರ ಕಳೆದು ಸೋಮವಾರ ಬಂದರೆ, ಅವಳು ಮುಂದೇನು ಕೇಳಬಹುದೆಂದು ಯೋಚಿಸಿ ಉತ್ತರ ಸಿದ್ಧಮಾಡಿಟ್ಟುಕೊಳ್ಳುತ್ತಿದ್ದೆ. ನನಗೆ ಅದೇ ಹಬ್ಬ.

ಅದೇ ಮುತ್ತತ್ತಿಯಲ್ಲಿ ಇನ್ನೊಂದು ನಡೆಯಿತು. ದಾಳದ ಚೀಲವನ್ನು ಕಡಲೆಕಾಯಿ ಪೊಟ್ಟಣವೆಂದುಕೊಂಡು ಕೋತಿಯೊಂದು ಎಗರಿಸಿಕೊಂಡು ಹೋಯಿತು. ಮಿಕ್ಕ ಸಣ್ಣ ದಾಳಗಳನ್ನು ಬಿಟ್ಟು ಇಪ್ಪತ್ತು ಮುಖದ್ದನ್ನೇ ಆರಿಸಿ ಬಾಯಿಗೆ ಹಾಕಿಕೊಂಡು, ಕಡಿದು, ರುಚಿ ಹತ್ತದೆ ನಮ್ಮ ಮುಂದೆಯೇ ಉಗಿಯಿತು. ಒಂದು ಮೂಲೆಯಲ್ಲಿ ಹಲ್ಲಿನ ಗುರುತು.

“ಆಂಜನೇಯಪ್ಪನೇ ಕಚ್ಚಿ ಕೊಟ್ಟವ್ನೆ ಕಣ್ರೋ,” ಅಂತ ಭಾಗ್ಯ ಕೈಮುಗಿದಳು. “ಇನ್ಮ್ಯಾಲೆ ಇದು ಸುಳ್ಳು ಯೋಳಾಕಿಲ್ಲ.”

ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ರತ್ನಳೂ ನಕ್ಕಳು. ಆದರೆ ದಾಳವನ್ನು ಹೊಳೆಯಲ್ಲಿ ತೊಳೆದು, ಸೆರಗಿನಲ್ಲಿ ಒರೆಸಿ, ಕಣ್ಣಿಗೊತ್ತಿಕೊಂಡು ನನ್ನ ಕೈಗೆ ಕೊಟ್ಟಳು. ಅದನ್ನು ನಾನು ಗಮನಿಸಬೇಕಿತ್ತು. ಅವಳ ಮನೆಯಲ್ಲಿ ಏನೇ ಇದ್ದರೂ ಊರ ದೇವಿಯ ಹತ್ತಿರ ಹೂವಿನ ಪ್ರಸಾದ ಕೇಳುತ್ತಿದ್ದರು — ಹಸು ಕೊಳ್ಳುವುದಕ್ಕೆ, ಬೋರು ಕೊರೆಸುವುದಕ್ಕೆ. ಕೇಳುವುದನ್ನು ಮನಸ್ಸಿನಲ್ಲೇ ಕೇಳಿಕೊಳ್ಳಬೇಕು, ಬಾಯಿಬಿಟ್ಟು ಹೇಳಬಾರದು. ದೇವಿಯ ಮೇಲಿಂದ ಹೂವು ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಬೇಡ.

ಈಗ ಆ ಭಾನುವಾರಕ್ಕೆ ಬರುತ್ತೇನೆ. ಬಾರದೆ ಎಲ್ಲಿಗೆ ಹೋಗಲಿ.

ಅವಳಿಗೆ ಗಂಡು ನೋಡುತ್ತಿದ್ದಾರೆಂದು ಭಾಗ್ಯ ಹೇಳಿದ್ದಳು. ಹೊಸಪೇಟೆ ಕಡೆ ನೌಕರಿಯಲ್ಲಿರುವ ಹುಡುಗ, ಒಳ್ಳೆಯ ಮನೆ. ಮದುವೆಯಾದರೆ ಫಾರಂ ಕೆಲಸ ಬಿಡಬೇಕು. ರತ್ನ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ, ಮನೆಯಲ್ಲಿ ದಿನಾ ಕಿರಿಕಿರಿ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ಮಾತು ಆಡಲಿಲ್ಲ. ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳುವ ಧೈರ್ಯ ಇಲ್ಲದಿದ್ದರೆ ಹೋಗಲಿ, ನಿನಗೆ ಇಷ್ಟವಾ ರತ್ನ ಅಂತಲಾದರೂ ಕೇಳಬಹುದಿತ್ತು.

ಅವತ್ತು ಆಟದಲ್ಲಿ ಮೂವರ ಪಾತ್ರಗಳೂ ಪ್ರವಾಹ ಬಂದ ಹೊಳೆಯ ದಡದಲ್ಲಿ ನಿಂತಿದ್ದವು. ಬೆಳಗಿನ ತನಕ ಕಾದರೆ ನೀರು ಇಳಿಯುತ್ತದೆ ಅಂತ ನಾನೇ ಸೂಚನೆ ಕೊಟ್ಟೆ. ರತ್ನ ಕೇಳಲಿಲ್ಲ.

“ಕೆಂಚಿ ಒಬ್ಳೇ ಓಯ್ತಾಳೆ. ಈಗ್ಲೇ ತೆಪ್ಪ ಇಳಿಸ್ತಾಳೆ.”

“ನಿಂಗೇನ್ ಉಚ್ಚಾ ಅಮ್ಮಿ?” ಅಂತ ನಂಜುಂಡ ಬಾಯಿ ಬಾಯಿ ಬಡಿದುಕೊಂಡ. “ಮೂರು ತಿಂಗ್ಳಿಂದ ಸಾಕಿರೋ ಪಾತ್ರ ಕಣಮ್ಮಿ! ಮುಳುಗುದ್ರೆ ಓಯ್ತು!”

ಮುಳುಗಿದರೆ ಹೋಯಿತು, ನಿಜ. ಆ ಪ್ರವಾಹಕ್ಕೆ ಹದಿನೈದಾದರೂ ಬೀಳಬೇಕು, ಇಲ್ಲದಿದ್ದರೆ ಕೆಂಚಿ ಸತ್ತಳು, ಎಂದು ನಾನು ನಿಯಮ ಹೇಳಿದೆ. “ಹೊಳೆಯ ಬಲ ಐದು ಕೂಡಿಸ್ಕೋ, ಹತ್ತು ಬಿದ್ರೂ ಸಾಕು,” ಅಂತ ನೆನಪಿಸಿದೆ.

“ಕೂಡಿಸೋದು ಬ್ಯಾಡ,” ಅಂದಳು. “ಬಿದ್ದಷ್ಟೇ. ಮತ್ತೆ, ನೀವೇ ಆಕಿ.”

ಅವಳು ಯಾವಾಗಲೂ ತನ್ನ ದಾಳವನ್ನು ತಾನೇ ಎಸೆಯುವವಳು. ಮುಷ್ಟಿಯೊಳಗೆ ಉಫ್ ಎಂದು ಊದಿ ಎಸೆಯುವವಳು. ಅವತ್ತು ನನ್ನ ಅಂಗೈಗೆ ದಾಳ ಇಟ್ಟು ಗಣಪತಿಯ ಕಡೆ ನೋಡುತ್ತಾ ಕೂತಳು. ನಾನು ಮರೆಯ ಹಿಂದೆ ಎಸೆದೆ. ಹಲ್ಲಿನ ಗುರುತಿನ ದಾಳ ಉರುಳಿ ಉರುಳಿ ನಿಂತಿತು. ಮೂರು.

ಮೂರು ಅಂದರೆ ಕೆಂಚಿ ಮುಳುಗಿದಳು. ಕೆಂಚಿ ಇಲ್ಲ ಅಂದರೆ ಮುಂದಿನ ಭಾನುವಾರ ರತ್ನ ಬರುತ್ತಾಳೋ ಇಲ್ಲವೋ. ಮೊದಲೇ ಮನೆಯಲ್ಲಿ ಗಲಾಟೆ, ಇದೊಂದು ನೆಪವೂ ಕೈತಪ್ಪಿದರೆ — ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಕಥೆಯೂ ಅಲ್ಲ, ಪುಸ್ತಕದ ಆ ಪುಟವೂ ಅಲ್ಲ. ಅವಳು ಬರಬೇಕು. ಆ ಚಾಪೆಯ ಮೇಲೆ ಕೂತು ಬಾವಿಗೂ ಅಂಕ ಕೊಡಿ ಅಂತ ನನ್ನ ಜೊತೆ ಜಗಳವಾಡಬೇಕು.

“ಹದಿನೇಳು,” ಅಂದೆ.

ನಂಜುಂಡ ಎದ್ದು ಕುಣಿದ. ಭಾಗ್ಯ ಸೀಟಿ ಹೊಡೆದಳು. ರತ್ನ ಕೂಗಲಿಲ್ಲ. “ಹದಿನೇಳಾ?” ಅಂತ ಒಂದು ಸಲ ಕೇಳಿದಳು. ನಾನು ದಾಳವನ್ನು ಆಗಲೇ ಚೀಲಕ್ಕೆ ಹಾಕಿಬಿಟ್ಟಿದ್ದೆ. “ಹೂಂ, ಹದಿನೇಳು,” ಅಂದೆ. “ಸರಿ ಬುಡಿ,” ಅಂದು ಅವಳು ತಲೆ ತಗ್ಗಿಸಿ ಪಾತ್ರದ ಹಾಳೆಯನ್ನು ಎರಡು ಮಡಿಕೆ ಮಾಡಿದಳು. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಅಂದುಕೊಂಡೆ. ಎಂಥ ಕುರುಡು ನನ್ನದು!

ಅದಾದ ಮೇಲೆ ಅವಳು ಆಟಕ್ಕೆ ಬರಲೇ ಇಲ್ಲ. ಬಂದದ್ದು ಪ್ರೆಸ್ಸಿಗೆ, ಅಪ್ಪನ ಜೊತೆ, ಲಗ್ನಪತ್ರಿಕೆ ಹಾಕಿಸುವುದಕ್ಕೆ. ಅಪ್ಪ ಕಾರ್ಡಿನ ಸ್ಯಾಂಪಲ್ ನೋಡುತ್ತಿದ್ದಾಗ ಅವಳು ಟೇಬಲ್ಲಿನ ಹತ್ತಿರ ಬಂದು ಮೆಲ್ಲಗೆ ಹೇಳಿದಳು.

“ಅವತ್ತು ನಾನು ಮನಸ್ನಲ್ಲೇ ಕೇಳ್ಕಂಡಿದ್ದೆ. ಕೆಂಚಿ ದಾಟುದ್ರೆ ಈ ಮದ್ವೆಗೆ ಹೂಂ, ಮುಳುಗುದ್ರೆ ಬ್ಯಾಡ ಅಂತ.”

“ಮನೇಲಿ ದೇವಿ ಹತ್ರ ಕೇಳ್ಲಿಲ್ವಾ?” ಅಂದೆ.

“ಕೇಳುದ್ರು. ಬಲಕ್ಕೇ ಬಿತ್ತು. ಆದ್ರೆ ಪೂಜಾರಪ್ಪ ನಮ್ಮಪ್ಪನ ಕಡೆಯೋನು, ಹೂವ ಹೆಂಗ್ ಇಡ್ತನೋ ಯಾರಿಗ್ ಗೊತ್ತು. ನಿಮ್ ದಾಳ ಯಾರ್ ಕಡೇದೂ ಅಲ್ವಲ್ಲ.” ಆಮೇಲೆ, “ಪತ್ರಿಕೇಲಿ ತಪ್ಪಿಲ್ದಂಗೆ ಆಕ್ಕೊಡಿ ಮಾದೇಶಣ್ಣ,” ಅಂದಳು.

ಅಣ್ಣ ಅಂದದ್ದು ಅವತ್ತೇ ಮೊದಲು.

ಆಗ ಹೇಳಬಹುದಿತ್ತು. ಅಪ್ಪ ನಾಲ್ಕು ಹೆಜ್ಜೆ ಆಚೆ ಇದ್ದರು, ಕಾರ್ಡು ಇನ್ನೂ ಅಚ್ಚಾಗಿರಲಿಲ್ಲ, ಅವಳು ನನ್ನ ಮುಂದೆಯೇ ನಿಂತಿದ್ದಳು. ಬಿದ್ದದ್ದು ಮೂರು ರತ್ನ — ಇಷ್ಟೇ ಮಾತು. ಆಡಿದ್ದರೆ ನಾನು ಸುಳ್ಳುಗಾರನಾಗುತ್ತಿದ್ದೆ, ಯಾಕೆ ಸುಳ್ಳು ಹೇಳಿದೆ ಅಂತ ಅವಳು ಕೇಳುತ್ತಿದ್ದಳು, ನನ್ನ ಆಸೆಯನ್ನೆಲ್ಲ ಆ ಟೇಬಲ್ಲಿನ ಮೇಲೆ ಸುರಿಯಬೇಕಾಗುತ್ತಿತ್ತು. ನಾಚಿಕೆಯಾಯಿತು. ಆ ನಾಚಿಕೆಗೋಸ್ಕರ ಬಾಯಿ ಮುಚ್ಚಿಕೊಂಡೆ. ಸುಳ್ಳು ಹೇಳಿದ್ದು ಒಂದು ಕ್ಷಣದ ದುಡುಕು ಅನ್ನಬಹುದೇನೋ. ಮುಚ್ಚಿಟ್ಟದ್ದು ಹಾಗಲ್ಲ, ಅದನ್ನು ತಿಳಿದೂ ತಿಳಿದೂ ಮಾಡಿದೆ. ಅವಳ ಹೆಸರನ್ನು ನಾನೇ ಕಂಪೋಸ್ ಮಾಡಿದೆ, ಪ್ರೂಫ್ ಮೂರು ಸಲ ನೋಡಿದೆ. ಒಂದು ತಪ್ಪೂ ಇರಲಿಲ್ಲ.

ಇದಾಗಿ ಹನ್ನೆರಡು ವರ್ಷ. ನಾನು ಮದುವೆಯಾಗಲಿಲ್ಲ. ಅದು ಅವಳಿಂದ ಅಂದರೆ ಇನ್ನೊಂದು ಸುಳ್ಳಾಗುತ್ತದೆ, ನನ್ನ ಸ್ವಭಾವಕ್ಕೆ ಯಾರೂ ಹೊಂದಲಿಲ್ಲ. ಆದರೆ ಭಾನುವಾರ ಮಧ್ಯಾಹ್ನ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾದರೆ ಈಗಲೂ ಎದ್ದು ಬಾಗಿಲ ಕಡೆ ನೋಡುತ್ತೇನೆ. ಫಾರಂ ಮುಂದೆ ಬಸ್ಸಿನಲ್ಲಿ ಹೋಗುವಾಗ ಭತ್ತದ ತಾಕುಗಳ ಕಡೆ ನೋಡುತ್ತೇನೆ, ಅಲ್ಲಿ ಬಗ್ಗಿ ತೆನೆ ಅಳೆಯುವವರು ಯಾರೋ ಬೇರೆಯವರು. ತೆಪ್ಪದವಳ ನಿಯಮ ಈಗಲೂ ಪೂರ್ತಿ ನೆನಪಿದೆ. ಬಾವಿಗೆ ಒಂದು ಅಂಕ ಕೊಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು ನನ್ನದು?

ಹೋದ ವಾರ ಫೋನು ಬಂತು. ಗೊತ್ತಿಲ್ಲದ ನಂಬರು.

“ರೂಲ್ಸು ಅವ್ರಾ?”

ಹಾಗೆ ಕರೆಯುವವಳು ರತ್ನ ಒಬ್ಬಳೇ. ರಜಕ್ಕೆ ಊರಿಗೆ ಬಂದಿದ್ದಾಳಂತೆ. ಮಗಳಿಗೆ ಹತ್ತು ವರ್ಷ. ಹಳೆಯ ಪೆಟ್ಟಿಗೆಯಲ್ಲಿ ತೋರಣದ ಅಂಚಿನ ಹಾಳೆ ಸಿಕ್ಕಿ, ಕೆಂಚಿ ಯಾರು, ಹೊಳೆಯ ಬಲ ಅಂದರೇನು ಅಂತ ಪ್ರಾಣ ತಿನ್ನುತ್ತಿದ್ದಾಳಂತೆ. ಅವಳಿಗೂ ಒಂದು ಪಾತ್ರ ಕಟ್ಟಬೇಕಂತೆ. ಈ ಭಾನುವಾರ ಬರಬಹುದೇ ಅಂತ ಕೇಳಿದಳು.

ಬನ್ನಿ ಅಂದೆ. ಹೇಗಿದ್ದೀಯಾ ಅಂತಲೂ ಕೇಳಿದೆ.

“ಚೆನ್ನಾಗಿವ್ನಿ. ಅವ್ರು ಒಳ್ಳೇವ್ರು, ಸುಳ್ಳು ಯಾಕ್ ಯೋಳ್ಲಿ. ಆ ಕೆಲ್ಸ ಒಂದು ಬುಟ್ಟಿದ್ದು… ಅಲ್ಲಿ ಭತ್ತದ ಗದ್ದೆ ಕಂಡ್ರೆ ಮುಖ ತಿರುಗಿಸ್ಕತೀನಿ, ಅಷ್ಟೇಯ.” ನಕ್ಕಳು. “ನಿಮ್ಗೊಂದು ಯೋಳ್ಬೇಕು. ಅವತ್ತು ಕೆಂಚಿ ಮುಳುಗ್ಲಿ ಅಂತಾನೇ ನಾನು ಅಂಥ ಪ್ರವಾಹಕ್ಕೆ ತೆಪ್ಪ ಇಳ್ಸಿದ್ದು. ಐದು ಕೂಡಿಸ್ಬ್ಯಾಡಿ ಅಂದಿದ್ದೂ ಅದ್ಕೇಯ. ಬ್ಯಾಡ ಅನ್ನಕ್ಕೆ ನಂಗೆ ಯಾರಾದ್ರೂ ಒಬ್ರು ಜೊತೆಗೆ ಬೇಕಿತ್ತು. ಆದ್ರೂ ಹದಿನೇಳು ಬಿತ್ತಲ್ಲ! ಅಷ್ಟು ಕಷ್ಟದ್ದೇ ದಾಟುದ್ಲು ಅಂದ್ಮೇಲೆ ಇದೇ ನನ್ ದಾರಿ ಅನ್ಕಂಡೆ. ಮನೇಲಿ ಏನೇ ಬರ್ಲಿ, ಕೆಂಚಿ ದಾಟಿದ್ಲಲ್ಲ ಅಂತ ನೆನೆಸ್ಕತೀನಿ.”

ಬೇಡ ಅನ್ನುವುದಕ್ಕೆ ಅವಳಿಗೆ ಒಬ್ಬರು ಜೊತೆಗೆ ಬೇಕಿತ್ತು. ದಾಳ ಜೊತೆಗೆ ನಿಂತಿತ್ತು — ಮೂರು ಅಂತ ಸ್ಪಷ್ಟವಾಗಿ ಹೇಳಿತ್ತು. ಪೂಜಾರಿಗಿಂತ ಕಡೆಯಾಗಿ ಮಧ್ಯೆ ಕೈ ಹಾಕಿದವನು ನಾನು.

ಅಷ್ಟರಲ್ಲಿ ಫೋನಿನ ಆ ಕಡೆಯಿಂದ ಮಗುವಿನ ದನಿ ಕೇಳಿಸಿತು. “ಅಮ್ಮಾ, ಆ ಅಂಕಲ್ಲು ಮರೆ ಹಿಂದೆ ನಂಬರ್ ಬದ್ಲಾಯಿಸ್ಬೋದಾ?”

ನಾನು ಉತ್ತರ ಕೊಡುವ ಮೊದಲೇ ರತ್ನ ಹೇಳಿದಳು. “ಇಲ್ಲ ಕಣಮ್ಮಿ. ಬ್ಯಾರೆಯೋರು ಮಾಡ್ಬೋದು. ಇವ್ರು ಮಾಡಾಕಿಲ್ಲ.”

ನಾಳೆ ಭಾನುವಾರ. ಹೇಳದೆ ಇರಬಹುದು ಅಂತ ಈ ವಾರವೆಲ್ಲ ನನಗೆ ನಾನೇ ವಾದ ಮಾಡಿದ್ದೇನೆ. ಆ ಹದಿನೇಳನ್ನು ಹಿಡಿದುಕೊಂಡು ಅವಳು ಇಷ್ಟು ವರ್ಷ ನಿಂತಿದ್ದಾಳೆ, ಅದನ್ನು ಕಿತ್ತುಕೊಳ್ಳುವುದು ಯಾವ ನ್ಯಾಯ? ಆ ಹದಿನೇಳಿಲ್ಲದಿದ್ದರೆ ಪ್ರಶ್ನೆ ಕೇಳುವ ಆ ಮಗುವೇ ಇರುತ್ತಿರಲಿಲ್ಲ, ಅದನ್ನು ತಾಯಿಯ ಮುಂದೆ ಹೇಗೆ ಹೇಳಲಿ? ವಾದವೇನೋ ಚೆನ್ನಾಗಿದೆ. ಆದರೆ ಇದೂ ಮರೆಯ ಹಿಂದೆ ಕೂತು, ಅವಳಿಗೆ ಏನು ಬೀಳಬೇಕೆಂದು ನಾನೇ ತೀರ್ಮಾನಿಸುವುದು. ಆ ಕೆಲಸವನ್ನು ಒಂದು ಸಲ ಮಾಡಿ ಆಗಿದೆ.

ಮೇಲಿನ ಕೋಣೆ ಗುಡಿಸಿದ್ದೇನೆ. ಚಾಪೆ ಹಾಸಿದ್ದೇನೆ. ಹೊಸ ಹಾಳೆ ಅಚ್ಚು ಹಾಕಿದ್ದೇನೆ, ತೋರಣದ ಅಂಚಿನದೇ. ನಂಜುಂಡನೂ ಭಾಗ್ಯಳೂ ಬರುತ್ತಾರೆ, ಮಗುವನ್ನು ಸ್ವಲ್ಪ ಹೊತ್ತು ಕೆಳಗೆ ಮಿಷನ್ನು ತೋರಿಸುತ್ತಾ ಇರಿ ಎಂದು ಅವರಿಗೆ ಹೇಳಿದ್ದೇನೆ, ಯಾಕೆಂದು ಹೇಳಿಲ್ಲ. ರಟ್ಟಿನ ಮರೆ ಬಿಚ್ಚಿ ಗಣಪತಿಯನ್ನು ಗೋಡೆಗೆ ಅಂಟಿಸಿದೆ. ದಾಳವನ್ನು ಚಾಪೆಯ ನಡುವೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದೇನೆ. ಮೂರು ಮೇಲೆ ಮಾಡಿ ಇಟ್ಟಿದ್ದೇನೆ.

ಅವಳು ಬಂದು ಕೂತ ಕೂಡಲೇ ಹೇಳುತ್ತೇನೆ. ಟೀ ತರಿಸುವ ಮೊದಲೇ ಹೇಳುತ್ತೇನೆ, ಇಲ್ಲದಿದ್ದರೆ ನನ್ನ ನಾಲಿಗೆಯನ್ನು ನಾನು ನಂಬುವುದಿಲ್ಲ. ರತ್ನ, ಅವತ್ತು ನಿನಗೆ ಬಿದ್ದದ್ದು ಇದು. ನೀನು ಬೇಡ ಅಂತ ಕೇಳಿದ್ದೆ, ಬೇಡ ಅಂತಲೇ ಬಿದ್ದಿತ್ತು. ನೀನು ಇಲ್ಲಿಗೆ ಬರುತ್ತಿರಬೇಕೆಂಬ ನನ್ನ ಆಸೆಗೆ ನಾನು ಅದನ್ನು ನಿನಗೆ ಕೊಡಲಿಲ್ಲ.

ಆಮೇಲೆ ಅವಳು ಮಗಳ ಕೈ ಹಿಡಿದು ಮೆಟ್ಟಿಲಿಳಿದು ಹೋಗಬಹುದು. ಹೋದರೆ, ಈ ಸಲ ನಾನು ಅವಳನ್ನು ನಿಲ್ಲಿಸಿಕೊಳ್ಳುವುದಕ್ಕೆ ಏನೂ ಹೇಳುವುದಿಲ್ಲ.